ಬೆನ್ನಿಗೆ ಚುಚ್ಚೋ ಡಾಕ್ಟ್ರು

ಹೋದ ತಿಂಗಳು ಒಂದು ನಾಮಕರಣಕ್ಕೆ ಹೋಗಿದ್ದೆ. ಮಗುವಿನ ಅಜ್ಜಿ ನನ್ನ ಕೈ ಹಿಡಿದುಕೊಂಡು ಹೋಗಿ ನೆಂಟರಿಗೆಲ್ಲ ಪರಿಚಯ ಮಾಡಿಸಿದರು. "ನಮ್ಮ ಹುಡುಗಿ ಬೆನ್ನಿಗೆ ಚುಚ್ಚಿದ್ದು ಇವ್ರೇ ನೋಡಿ." ಅಷ್ಟೇ. ಹೋಳಿಗೆ ಬಡಿಸುವ ಹೊತ್ತಿಗೆ ನಾಲ್ಕು ಹೆಂಗಸರು ಬಂದು ಸೊಂಟ ಮುಟ್ಟಿ ತೋರಿಸಿದರು. "ಇಲ್ಲೇ ಮೇಡಂ, ಇಂಜೆಕ್ಷನ್ ಕೊಟ್ಟ ಜಾಗದಲ್ಲೇ ಇವತ್ತಿಗೂ ನೋವು." ಅವರಲ್ಲಿ ಒಬ್ಬರ ಮಗ ಈಗ ಸೆಕೆಂಡ್ ಪಿಯುಸಿ.

ನಾನು ಅರಿವಳಿಕೆ ವೈದ್ಯೆ. ಹದಿನಾರು ವರ್ಷದಿಂದ ಹೆಚ್ಚಿನ ಕೆಲಸವೆಲ್ಲ ಹೆರಿಗೆ ವಾರ್ಡಿನಲ್ಲೇ. ಜನ ನಮ್ಮನ್ನು "ಮತ್ತು ಬರೋ ಇಂಜೆಕ್ಷನ್ ಕೊಡೋರು" ಅನ್ನುತ್ತಾರೆ. ತಮಾಷೆ ಏನು ಅಂದರೆ, ಸಿಸೇರಿಯನ್‌ಗೆ ಬಂದವರಲ್ಲಿ ಹೆಚ್ಚಿನವರಿಗೆ ನಾನು ಮತ್ತು ಬರಿಸುವುದೇ ಇಲ್ಲ. ತುಂಬು ಬಸುರಿಯನ್ನು ಪೂರ್ತಿ ಮಲಗಿಸುವುದು ಅಪಾಯ ಜಾಸ್ತಿ ಇರುವ ದಾರಿ. ಅವಳ ಗಂಟಲು ಒಳಗೆ ಊದಿರುತ್ತದೆ, ಕೊಳವೆ ಹಾಕುವುದು ಕಷ್ಟ. ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಉಸಿರು ನಿಂತರೆ ಬೇರೆಯವರಿಗಿಂತ ಬೇಗ ಆಕ್ಸಿಜನ್ ಇಳಿಯುತ್ತದೆ. ಅದಕ್ಕೇ ಸ್ಪೈನಲ್, ಬೆನ್ನಿಗೆ ಕೊಡುವ ಇಂಜೆಕ್ಷನ್. ಸೊಂಟದಿಂದ ಕೆಳಗೆ ಜೋಮು, ಮೇಲೆ ಪೂರ್ತಿ ಎಚ್ಚರ.

ಆ ಇಂಜೆಕ್ಷನ್ ಬಗ್ಗೆ ಇಷ್ಟೊಂದು ಕತೆ ಇರುವುದರಿಂದ, ಅಲ್ಲಿ ಏನು ನಡೆಯುತ್ತದೆ ಅಂತ ಒಮ್ಮೆ ಹೇಳಿಬಿಡುತ್ತೇನೆ. ಟೇಬಲ್ ಮೇಲೆ ಕೂರಿಸಿ "ಗಲ್ಲ ಎದೆಗೆ ತಾಗಿಸಮ್ಮಾ, ಬೆನ್ನು ಗೂನು ಮಾಡು" ಅನ್ನುತ್ತೇವೆ. ತುಂಬಿದ ಹೊಟ್ಟೆ ಇಟ್ಟುಕೊಂಡು ಬೆನ್ನು ಗೂನು ಮಾಡೋದು ಹೇಳಿದಷ್ಟು ಸುಲಭ ಅಲ್ಲ. ನಡುವೆ ನೋವು ಬಂದರೆ ಕಾಯುತ್ತೇನೆ. ಸಿಸ್ಟರ್ ಎದುರಿಗೆ ನಿಂತು ಭುಜ ಹಿಡಿದಿರುತ್ತಾರೆ, ಆ ಹುಡುಗಿ ಹಣೆಯನ್ನು ಅವರ ಹೆಗಲಿಗೆ ಒತ್ತಿರುತ್ತಾಳೆ. ಬೆನ್ನಿಗೆ ಔಷಧಿ ಬಳಿದಾಗ ತಣ್ಣಗಾಗಿ ಬೆಚ್ಚಿಬೀಳುತ್ತಾಳೆ. ಸೂಜಿಗಿಂತ ಅದಕ್ಕೇ ಬೆಚ್ಚಿಬೀಳುವವರು ಜಾಸ್ತಿ. ಮಿದುಳುಬಳ್ಳಿ ಮುಗಿದ ಮೇಲೆ, ಅದಕ್ಕಿಂತ ಕೆಳಗಿನ ಮೂಳೆಸಂದಿಯಲ್ಲಿ ಸೂಜಿ ಹೋಗುತ್ತದೆ. ಸೂಜಿಯ ತುದಿಯಲ್ಲಿ ನೀರಿನಷ್ಟು ತಿಳಿಯಾದ ಒಂದು ಹನಿ ಕಾಣಬೇಕು. ಸಾವಿರಾರು ಸಲ ನೋಡಿದ್ದರೂ ಆ ಹನಿ ಕಂಡಾಗಲೇ ನನ್ನ ಉಸಿರು ಹೊರಗೆ ಬರುವುದು. ಆಮೇಲೆ ಹೆಚ್ಚುಕಡಿಮೆ 2 ಎಂಎಲ್ ಔಷಧಿ. ಅಷ್ಟೇ, ಅರ್ಧ ಚಮಚದಷ್ಟೂ ಇಲ್ಲ. "ಮೇಡಂ, ಕಾಲು ಬಿಸಿ ಆಗ್ತಿದೆ" ಅನ್ನುತ್ತಾಳೆ.

ನನ್ನ ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ಬಲ ಸೊಂಟದ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಅವಳನ್ನು ಎಡಕ್ಕೆ ವಾಲಿಸುತ್ತೇವೆ, ಇಲ್ಲದಿದ್ದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಅದುಮುತ್ತದೆ. ಬಿಪಿ ಇಳಿಯುವುದನ್ನು ಎಷ್ಟೋ ಸಲ ಮಾನಿಟರ್‌ಗಿಂತ ಮೊದಲು ಅವಳೇ ಹೇಳುತ್ತಾಳೆ. ಒಂದು ಆಕಳಿಕೆ, ಆಮೇಲೆ "ವಾಂತಿ ಬರೋ ಹಾಗಿದೆ". ಅಷ್ಟು ಹೊತ್ತಿಗೆ ನನ್ನ ಕೈ ಸಿರಿಂಜ್ ಮೇಲಿರುತ್ತದೆ. ತಿಂಗಳು ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 700 ಎಂಎಲ್ ರಕ್ತ ಹರಿಯುತ್ತಿರುತ್ತದೆ. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡದೆ ಹೋದರೆ ಎಷ್ಟು ಬೇಗ ಕೈ ಮೀರುತ್ತದೆ ಅಂತ ಲೆಕ್ಕ ಹಾಕಿ. ಎಲ್ಲರೂ ಮಗುವಿನ ಮುಖ ನೋಡುತ್ತಿರುವಾಗ ನಾನು ರಕ್ತ ಹೀರಿ ತುಂಬಿಸಿಕೊಳ್ಳುವ ಸಕ್ಷನ್ ಬಾಟಲಿ ನೋಡುತ್ತಿರುತ್ತೇನೆ. ಅಂದ ಹಾಗೆ, ಹುಟ್ಟಿದ ಕೂಡಲೇ ಮಗುವಿನ ಉಸಿರು, ಎದೆಬಡಿತ ಎಲ್ಲ ನೋಡಿ ಮಕ್ಕಳ ಡಾಕ್ಟರ್ ಕೊಡುವ ಆಪ್ಗಾರ್ ಸ್ಕೋರ್ ಇದೆಯಲ್ಲ, ಅದನ್ನು 1952ರಲ್ಲಿ ರೂಪಿಸಿದ ವರ್ಜೀನಿಯಾ ಆಪ್ಗಾರ್ ನಮ್ಮ ಕಸುಬಿನವರೇ, ನ್ಯೂಯಾರ್ಕಿನ ಅರಿವಳಿಕೆ ವೈದ್ಯೆ. ಇದನ್ನು ನಾನು ಸಂದರ್ಭ ಇದ್ದರೂ ಇಲ್ಲದಿದ್ದರೂ ಹೇಳುತ್ತಿರುತ್ತೇನೆ.

ಇನ್ನು ಬೆನ್ನುನೋವು. ಚುಚ್ಚಿದ ಜಾಗ ಎರಡು ಮೂರು ದಿನ ನೋಯುತ್ತದೆ, ನಿಜ. ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಆ ಸೂಜಿ ಕಾರಣ ಅಲ್ಲ. ಒಂಬತ್ತು ತಿಂಗಳು ಮುಂದಕ್ಕೆ ಭಾರ ಹೊತ್ತಿದ್ದು, ಸಡಿಲವಾದ ಕೀಲು, ರಾತ್ರಿ ಇಡೀ ಬಗ್ಗಿ ಕೂತು ಹಾಲು ಕುಡಿಸುವುದು, ಬಾಣಂತನ ಮುಗಿಯುವ ಮೊದಲೇ ಬಿಂದಿಗೆ ಎತ್ತುವುದು. ನಾರ್ಮಲ್ ಹೆರಿಗೆ ಆದವರಿಗೂ ಸೊಂಟ ನೋಯುತ್ತದೆ. ಪಾಪ, ಅವರಿಗೆ ಬೈಯೋಕೆ ಯಾರೂ ಸಿಗುವುದಿಲ್ಲ ಅಷ್ಟೇ.

ಹಾಗಂತ ನಮ್ಮಿಂದ ಏನೂ ಆಗುವುದೇ ಇಲ್ಲ ಅಂತಲ್ಲ. ನಮ್ಮದೇ ಆದ ತೊಂದರೆ ತಲೆನೋವು. ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಹೋಗುತ್ತದೆ. ಸೂಜಿ ಮಾಡಿದ ತೂತಿನಿಂದ ಬೆನ್ನಿನ ನೀರು ಸೋರುವುದರಿಂದ ಬರುವ ನೋವು ಅದು. ಹೆರಿಗೆ ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅಂತ ಇನ್ನೊಂದಿದೆ, ಅದರ ಸೂಜಿ ಸ್ಪೈನಲ್‌ನದಕ್ಕಿಂತ ದಪ್ಪ. ಅದು ಒಂದು ಪೊರೆ ಹಿಂದೆಯೇ ನಿಲ್ಲಬೇಕು. ಒಮ್ಮೆ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಕೂದಲೆಳೆಯಷ್ಟು ಮುಂದೆ ಹೋಯಿತು. ಆ ಬಾಣಂತಿ ಎರಡು ದಿನ ಮಲಗಿಕೊಂಡೇ ಮಗುವಿಗೆ ಹಾಲು ಕೊಟ್ಟಳು. ಮೂರನೇ ದಿನ ಅವಳ ಕೈಯಿಂದಲೇ ರಕ್ತ ತೆಗೆದು ಅದನ್ನೇ ಬೆನ್ನಿಗೆ ಹಾಕಿದೆವು. ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಅರ್ಧ ಗಂಟೆಗೆಲ್ಲ ಎದ್ದು ಕೂತು "ಹೋಯ್ತು ಮೇಡಂ" ಅಂದಳು. ನಾನು ಕ್ಷಮೆ ಕೇಳಿದೆ. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಮನೆಗೆ ಹೋದ ಮೇಲೆ ಇಂಥ ತಲೆನೋವು ಬಂದರೆ ಡೋಲೋ ನುಂಗಿಕೊಂಡು ಸುಮ್ನೆ ಮಲಗಬೇಡಿ. ಇಂಜೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ.

ಇಷ್ಟೆಲ್ಲ ಪೀಠಿಕೆ. ನನಗೆ ಸಿಟ್ಟಿರುವುದು ಬೇರೆ ವಿಷಯಕ್ಕೆ.

ಕೆಲವು ವರ್ಷದ ಹಿಂದಿನ ಮಾತು. ಚೊಚ್ಚಲ ಹೆರಿಗೆ, ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗಿ. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಎಪಿಡ್ಯೂರಲ್ ಬಗ್ಗೆ ಎಲ್ಲೋ ಕೇಳಿದ್ದಳು, ತಾನಾಗಿಯೇ ಕೇಳಿದಳು. ಬೆನ್ನಿನಲ್ಲಿ ದಾರದಂಥ ಕೊಳವೆ ಇಟ್ಟು ಹೆರಿಗೆ ಆಗುವ ತನಕ ಸ್ವಲ್ಪ ಸ್ವಲ್ಪ ಔಷಧಿ ಕೊಡುವುದು ಅದು. ಎಲ್ಲ ವಿವರಿಸಿದೆ, ಹೂಂ ಅಂದಳು. ಗಂಡ "ಒಂದ್ನಿಮಿಷ ಮೇಡಂ, ಅಮ್ಮನ್ನ ಒಂದ್ಮಾತು ಕೇಳ್ಬಿಡ್ತೀನಿ" ಅಂತ ಹೊರಗೆ ಹೋದರು. ಅಮ್ಮ ಕಾರಿಡಾರಿನಲ್ಲಿ, "ನಾವೆಲ್ಲ ಹೆತ್ತಿಲ್ವಾ? ಬೆನ್ನು ಹಾಳಾಗುತ್ತೆ" ಅಂದರು. ಊರಿಗೆ ಫೋನ್ ಹೋಯಿತು. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪನ ಅಭಿಪ್ರಾಯ ಬಂತು. ಒಂದೂವರೆ ಗಂಟೆ ಕಾರಿಡಾರಿನಲ್ಲಿ ಸಭೆ. ಒಳಗೆ ಅವಳು ಮಂಚದ ಕಂಬಿ ಹಿಡಿದುಕೊಂಡು "ಆಪರೇಷನ್ ಆದ್ರೂ ಮಾಡ್ಬಿಡಿ, ಕಾಲಿಗೆ ಬೀಳ್ತೀನಿ" ಅನ್ನುತ್ತಿದ್ದಳು. ಇದನ್ನು ಕೇಳಿ ಹೊರಗಿನವರು ಒಪ್ಪಿದರು. ಎಪಿಡ್ಯೂರಲ್‌ಗೆ ಅಲ್ಲ, ಆಪರೇಷನ್‌ಗೆ!

ಕೊನೆಗೆ ಆಪರೇಷನ್ ಆಗಲಿಲ್ಲ, ನಮ್ಮ ಹೆರಿಗೆ ಡಾಕ್ಟ್ರು ಗಟ್ಟಿಯಾಗಿ ನಿಂತರು, ಹೆರಿಗೆ ಸಲೀಸಾಗಿಯೇ ಆಯಿತು. ಆದರೆ ಆ ಒಂದೂವರೆ ಗಂಟೆಯನ್ನು ನಾನು ಮರೆತಿಲ್ಲ. ಆವತ್ತು ನಾನೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಕಾಯಬೇಕಾಗಿರಲಿಲ್ಲ. ಅವಳು ಹೂಂ ಅಂದಾಗಿತ್ತು.

2008ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಒಬ್ಬ ಹೆಂಗಸನ್ನು ಪರೀಕ್ಷೆಗೆಂದು ಮತ್ತು ಕೊಟ್ಟು ಮಲಗಿಸಿದ್ದರು. ಅವರು ಎಚ್ಚರ ಇಲ್ಲದಿದ್ದಾಗ, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದರು. ಜೀವಕ್ಕೆ ತುರ್ತು ಅಪಾಯ ಇಲ್ಲದಿದ್ದ ಮೇಲೆ, ವಯಸ್ಸಿಗೆ ಬಂದ, ಬುದ್ಧಿ ಸರಿ ಇರುವ ಆಕೆಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ಕೋರ್ಟ್ ಹೇಳಿತು. ಹೆತ್ತ ತಾಯಿಯ ಸಹಿಯೇ ನಡೆಯದು ಅಂದ ಮೇಲೆ ಚಿಕ್ಕಪ್ಪನ ಫೋನ್ ಎಲ್ಲಿ? ಆದರೂ ನಮ್ಮ ಫಾರಂಗಳು ಗಂಡನ ಸಹಿಯನ್ನು ಹುಡುಕಿಕೊಂಡು ಹೋಗುತ್ತವೆ. ತಪ್ಪು ಮನೆಯವರದ್ದು ಮಾತ್ರ ಅಲ್ಲ, ನಾಳೆ ಗಲಾಟೆ ಬೇಡ ಅಂತ ನಾವೂ ಸುಮ್ಮನಿರುತ್ತೇವೆ.

ಅತ್ತೆಯಂದಿರ ಮೇಲೆ ನನಗೆ ಕೋಪ ಇಲ್ಲ. ಅವರ ಕಾಲದಲ್ಲಿ ಅವರನ್ನು ಯಾರು ಕೇಳಿದ್ದರು? 1853ರಲ್ಲಿ ವಿಕ್ಟೋರಿಯಾ ರಾಣಿ ಎಂಟನೇ ಹೆರಿಗೆಗೆ ನೋವು ತಿಳಿಯದಿರಲಿ ಅಂತ ಕ್ಲೋರೋಫಾರಂ ತೆಗೆದುಕೊಂಡಳು. ಕೊಟ್ಟವನು ಜಾನ್ ಸ್ನೋ, ಮರು ವರ್ಷ ಲಂಡನ್ನಿನಲ್ಲಿ ಕಾಲರಾಕ್ಕೆ ನೀರಿನ ಪಂಪು ಕಾರಣ ಅಂತ ತೋರಿಸಿಕೊಟ್ಟ ಅದೇ ಮನುಷ್ಯ. ರಾಣಿಗೆ ಸಿಕ್ಕಿದ್ದು ನೂರಾ ಎಪ್ಪತ್ತು ವರ್ಷ ಕಳೆದರೂ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬಂದಿಲ್ಲ. ಬರುವುದು ಸುಲಭವೂ ಅಲ್ಲ. ಎಪಿಡ್ಯೂರಲ್ ಹಾಕಿದರೆ ಗಂಟೆಗಟ್ಟಲೆ ಯಾರಾದರೂ ಜೊತೆಗಿದ್ದು ಬಿಪಿ, ಮಗುವಿನ ಎದೆಬಡಿತ ನೋಡಬೇಕು. ತಾಲ್ಲೂಕಿನಲ್ಲಿರುವುದೇ ಒಬ್ಬ ಅರಿವಳಿಕೆ ವೈದ್ಯರು. ಅವರು ರಜೆ ಹಾಕಿದರೆ ಸಿಸೇರಿಯನ್ ಕೂಡ ಜಿಲ್ಲಾ ಆಸ್ಪತ್ರೆಗೆ, ಆಂಬುಲೆನ್ಸಿನಲ್ಲಿ. ಎಂಬಿಬಿಎಸ್ ವೈದ್ಯರಿಗೆ ಕೆಲವು ತಿಂಗಳು ತರಬೇತಿ ಕೊಟ್ಟು ಹೆರಿಗೆಯ ತುರ್ತು ಅರಿವಳಿಕೆಗೆ ಸಿದ್ಧಮಾಡುವ ಯೋಜನೆ ಬಂದದ್ದೇ ಈ ಕೊರತೆಗೆ. ಅದು ಜೀವ ಉಳಿಸಲಿಕ್ಕೆ. ನೋವಿನ ಸರದಿ ಇನ್ನೂ ಬಂದಿಲ್ಲ.

ಆದರೆ ದುಡ್ಡು, ಡಾಕ್ಟರು ಎರಡೂ ಇರುವ ಕಡೆ ಏನಾಗುತ್ತಿದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಶೇ. 21.5 ಹೆರಿಗೆ ಸಿಸೇರಿಯನ್, ನಮ್ಮ ರಾಜ್ಯದಲ್ಲಿ ಶೇ. 31.5. ಕಾರಣ ಹತ್ತಾರಿವೆ, ಎಲ್ಲವನ್ನೂ ನೋವಿನ ತಲೆಗೆ ಕಟ್ಟಲ್ಲ. ಆದರೆ ನೋವಿಗೆ ಹೆದರಿ ಮೊದಲೇ ಆಪರೇಷನ್ ಕೇಳಿಕೊಂಡು ಬರುವವರನ್ನು ನಾನೇ ನೋಡುತ್ತೇನೆ. ಹೊಟ್ಟೆ ಕೊಯ್ಯಲು ಬೇಗ ಒಪ್ಪುವ ಮನೆ ನೋವು ಕಡಿಮೆ ಮಾಡಲು ಯೋಚಿಸುತ್ತದೆ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಈಗಿನ ಕಡಿಮೆ ಡೋಸಿನ ಎಪಿಡ್ಯೂರಲ್‌ನಿಂದ ಸಿಸೇರಿಯನ್ ಜಾಸ್ತಿ ಆಗುವುದಿಲ್ಲ. ಮಗುವನ್ನು ಹೊರಗೆ ತಳ್ಳುವ ಹೊತ್ತು ಸ್ವಲ್ಪ ಉದ್ದ ಆಗಬಹುದು, ಕಾಲು ಭಾರ ಅನ್ನಿಸಬಹುದು. ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರಿಗೆ, ರಕ್ತ ತೆಳು ಮಾಡುವ ಔಷಧಿ ನಡೆಯುತ್ತಿರುವವರಿಗೆ ಕೊಡಲು ಆಗದೆಯೂ ಇರಬಹುದು.

"ನೋವಿಲ್ಲದ ಹೆರಿಗೆ" ಅಂತ ಬೋರ್ಡ್ ಹಾಕುತ್ತಾರಲ್ಲ, ಅದೂ ನನಗೆ ಇಷ್ಟ ಇಲ್ಲ. ಕೆಲವರಿಗೆ ಒಂದು ಪಕ್ಕ ಹಿಡಿಯುವುದಿಲ್ಲ, ಕೊಳವೆ ಮತ್ತೆ ಹಾಕಬೇಕಾಗುತ್ತದೆ. ಮಗು ಕೆಳಗಿಳಿಯುವ ಒತ್ತಡ ತಿಳಿದೇ ತಿಳಿಯುತ್ತದೆ. ನೋವು ತಡೆಯುವಷ್ಟಕ್ಕೆ ಇಳಿಯುತ್ತದೆ ಅನ್ನಿ, ಸಾಕು.

ಆದ್ದರಿಂದ ಈಗ ನಾನು ಒಂದು ಕೆಲಸ ಮಾಡುತ್ತೇನೆ. ಎಂಟನೇ ತಿಂಗಳಲ್ಲಿ ಚೆಕಪ್‌ಗೆ ಬಂದಾಗ ಹತ್ತು ನಿಮಿಷ ನನ್ನ ಹತ್ತಿರ ಕಳಿಸಿ ಅಂತ ಹೆರಿಗೆ ಡಾಕ್ಟ್ರಿಗೆ ಹೇಳಿಟ್ಟಿದ್ದೇನೆ. ಅತ್ತೆ, ಅಮ್ಮ, ಗಂಡ ಎಲ್ಲ ಬರಲಿ, ಪ್ರಶ್ನೆ ಕೇಳಲಿ. ನಿಮ್ಮಲ್ಲೂ ಯಾರಾದರೂ ಬಸುರಿ ಇದ್ದರೆ ಕೇಳಿ ನೋಡಿ: ಇಲ್ಲಿ ರಾತ್ರಿ ಹೊತ್ತು ಅರಿವಳಿಕೆ ವೈದ್ಯರು ಇರುತ್ತಾರಾ? ಫೋನ್ ಮಾಡಿದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಎಪಿಡ್ಯೂರಲ್‌ಗೆ ಎಷ್ಟಾಗುತ್ತದೆ? ನೋವು ಶುರುವಾದ ಮೇಲೆ ಮಾತ್ರ ನಾನು ಮಂಚದ ಹತ್ತಿರ ಬಗ್ಗಿ ಅವಳೊಬ್ಬಳನ್ನೇ ಕೇಳುತ್ತೇನೆ.

ಮೊನ್ನೆ ರಾತ್ರಿ ಎರಡೂವರೆಗೆ ಕರೆದರು. ಎಂಟನೇ ತಿಂಗಳಲ್ಲಿ ಬಂದು ಎಲ್ಲ ಕೇಳಿಸಿಕೊಂಡು, ಬೇಕೇ ಬೇಕು ಅಂದುಹೋಗಿದ್ದ ಹುಡುಗಿ. ಟ್ರೇ ಸಿದ್ಧಮಾಡಿಸಿ, ಗ್ಲೌಸ್ ಹಾಕಿಕೊಳ್ಳುವ ಮೊದಲು ಇನ್ನೊಮ್ಮೆ ಕೇಳಿದೆ. ಒಂದು ನೋವು ಬಂತು. ಅದು ಹೋಗುವ ತನಕ ಕಣ್ಣು ಮುಚ್ಚಿದ್ದಳು.

"ಈಗ ಬೇಡ ಮೇಡಂ. ಇನ್ನೊಂದಿಷ್ಟು ಹೊತ್ತು ನೋಡ್ತೀನಿ. ನೀವು ಇಲ್ಲೇ ಇರ್ತೀರಲ್ವಾ?"

ಇರ್ತೀನಿ ಅಂದೆ. ಅವಳ ಅಮ್ಮ ಸೊಂಟ ಉಜ್ಜುತ್ತಿದ್ದರು. ಟ್ರೇ ಮೇಲೆ ಬಟ್ಟೆ ಮುಚ್ಚಿ, ಕುರ್ಚಿ ಎಳೆದುಕೊಂಡು ಕೂತೆ. ಐದು ಗಂಟೆಗೆ ಹೆಣ್ಣುಮಗು. ಟ್ರೇ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.