ಉತ್ತರ ಸಿಗದ ಜಾಗದಲ್ಲಿ ದೇವರನ್ನು ಕೂರಿಸಬಹುದೇ?

ವಿಜ್ಞಾನ ಇನ್ನೂ ಬಿಡಿಸದ ಪ್ರಶ್ನೆಗಳು ದೇವರ ನಂಬಿಕೆಗೆ ಆಧಾರವಾಗಬಹುದೇ?

ಪರ

ಕೊಡಚಾದ್ರಿಯಲ್ಲಿ ರಾತ್ರಿ ಮೋಡ ಸರಿದರೆ ಆಕಾಶದ ತುಂಬ ನಕ್ಷತ್ರ. ಆ ನಕ್ಷತ್ರ, ಗ್ರಹ, ಬೆಟ್ಟ, ನೀರು, ನಾವು, ಎಲ್ಲ ಸೇರಿದರೂ ವಿಶ್ವದಲ್ಲಿ ಸುಮಾರು ಶೇಕಡಾ 5 ಅಷ್ಟೇ. ಶೇಕಡಾ 27ರಷ್ಟು ಕಪ್ಪು ದ್ರವ್ಯ, ಉಳಿದದ್ದು ಕಪ್ಪು ಶಕ್ತಿ ಎನ್ನುತ್ತಾರೆ ವಿಜ್ಞಾನಿಗಳು. ಏನದು? ಯಾರಿಗೂ ಗೊತ್ತಿಲ್ಲ. ಗೆಲಾಕ್ಸಿಗಳ ಗುಂಪೊಂದರಲ್ಲಿ ಕಣ್ಣಿಗೆ ಕಾಣದ ದ್ರವ್ಯ ಇರಬೇಕು ಎಂದು ಖಗೋಳ ವಿಜ್ಞಾನಿ ಫ್ರಿಟ್ಜ್ ಜ್ವಿಕಿ ಹೇಳಿದ್ದು 1933ರಲ್ಲಿ. ಅದರ ಒಂದು ಕಣವೂ ಇನ್ನೂ ಕೈಗೆ ಸಿಕ್ಕಿಲ್ಲ.

ಇಷ್ಟರಿಂದ ದೇವರು ಇದ್ದಾನೆ ಎಂದು ಸಾಬೀತಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ನಮಗೆ ತಿಳಿದಷ್ಟೇ ಜಗತ್ತು ಎನ್ನುವ ಹಠ ಇನ್ನು ನಡೆಯುವುದಿಲ್ಲ.

ಇದಕ್ಕಿಂತ ಜಾಸ್ತಿ ಕಾಡುವ ಪ್ರಶ್ನೆ ನಮ್ಮೊಳಗೇ ಇದೆ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುವುದು ಏಕೆ ಎಂದು ವಿಜ್ಞಾನ ಹೇಳಿದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಮಾಡುವ ಜಿಯೋಸ್ಮಿನ್ ಅದಕ್ಕೆ ಕಾರಣ. ಮೂಗಿನಿಂದ ಮಿದುಳಿಗೆ ಸುದ್ದಿ ಮುಟ್ಟುವ ದಾರಿಯೂ ಗೊತ್ತು. ಆದರೆ ಆ ಘಮಕ್ಕೆ ನನಗೆ ಆಗುವ ಅನುಭವ ಎಲ್ಲಿಂದ ಬಂತು? ನರಕೋಶಗಳ ರಾಶಿಯಲ್ಲಿ 'ನಾನು' ಎನ್ನುವ ಅರಿವು ಹುಟ್ಟಿದ್ದು ಹೇಗೆ? ಉಪಕರಣ ದೊಡ್ಡದಾದರೆ ಇದಕ್ಕೂ ಉತ್ತರ ಸಿಕ್ಕೀತು ಅಂತ ಸುಮ್ನೆ ಕಾಯುವುದೂ ಒಂದು ನಂಬಿಕೆಯೇ ಅಲ್ವಾ?

ನಮ್ಮ ಹಿರಿಯರು ಊರ ಪಕ್ಕ ಚೌಡಿ ಬನ, ನಾಗಬನ ಬಿಟ್ಟರು. ಅಲ್ಲಿ ಕತ್ತಿ ಆಡಿಸುವಂತಿಲ್ಲ. ಒಂದೊಂದು ಮರದಿಂದ ಏನು ಉಪಯೋಗ ಎಂದು ಅವರು ಲೆಕ್ಕ ಕೇಳಲಿಲ್ಲ. ತಿಳಿಯದ್ದನ್ನು ಮುಟ್ಟದೆ ಕೈಮುಗಿದರು. ಅಪರೂಪದ ಎಷ್ಟೋ ಗಿಡಮರ ಇವತ್ತಿಗೂ ಉಳಿದಿರುವುದು ಇಂಥ ಬನಗಳಲ್ಲಿ. ಆ ಭಕ್ತಿ ಇಲ್ಲದಿದ್ದರೆ ಗರಗಸ ಅವನ್ನೂ ಬಿಡುತ್ತಿರಲಿಲ್ಲ.

ವಿರೋಧ

ಬನ ಉಳಿಸಿದ ಭಕ್ತಿಗೆ ನಾನೂ ಕೈಮುಗಿಯುತ್ತೇನೆ. ಸಿಗಂದೂರಿಗೂ ಹೋಗುತ್ತೇನೆ. ದೇವರಿಗೆ ನಾವು ಯಾವ ಜಾಗ ಕೊಡುತ್ತಿದ್ದೇವೆ ಎನ್ನುವುದೇ ನನ್ನ ತಕರಾರು.

ಅಡಿಕೆಯ ಕೊಳೆ ರೋಗ ನೋಡಿ. ಜಡಿಮಳೆಯಲ್ಲಿ ಹಸಿಕಾಯಿ ಕೊಳೆತು ತೋಟದ ತುಂಬ ಉದುರುತ್ತದೆ. ಅದು ಏಕೆ ಎಂದು ಒಂದು ಕಾಲಕ್ಕೆ ಗೊತ್ತಿರಲಿಲ್ಲ. ಬೆಳೆಗಾರರು ಆಗಲೂ ಕೈಕಟ್ಟಿ ಕೂರಲಿಲ್ಲ, ಅಡಿಕೆ ಗೊಂಚಲಿಗೆ, ಅಂದರೆ ಕೊನೆಗೆ, ನೀರು ಬೀಳದ ಹಾಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಕೆನಡಾದಿಂದ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಇದು ಫೈಟಾಫ್ತೋರಾ ಎಂಬ ಬೂಸ್ಟಿನಂಥ ಸೂಕ್ಷ್ಮಜೀವಿಯ ಕೆಲಸ ಎಂದು ತೋರಿಸಿದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯಿರಿ ಎಂದರು. ಇವತ್ತಿಗೂ ಕೊನೆಗಾರ ಮರ ಹತ್ತಿ ಹೊಡೆಯುವುದು ಅದನ್ನೇ. ಕೊಳೆ ಬಂದದ್ದೇ ದೇವಿಯ ಮುನಿಸಿಗೆ ಸಾಕ್ಷಿ ಎಂದು ಯಾರಾದರೂ ನಂಬಿದ್ದರೆ, ಗುಟ್ಟು ಬಯಲಾದ ದಿನ ಅವರ ದೇವಿಗೂ ಜಾಗ ತಪ್ಪಬೇಕಿತ್ತು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಊರಿನವರಿಗೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಒಂದು ಹೊಸ ವೈರಸ್, ಅದನ್ನು ಹರಡುವ, ರಕ್ತ ಹೀರುವ ಉಣುಗು. ಮಂಗನ ಕಾಯಿಲೆಗೆ ಅಂತಲೇ ಇರುವ ಔಷಧಿ ಇನ್ನೂ ಬಂದಿಲ್ಲ. ಕಾಡಂಚಿನ ಜನ ಈಗಲೂ ಸಾಯುತ್ತಾರೆ. ಸಿಗದ ಆ ಉತ್ತರವನ್ನು ದೇವರ ಇಚ್ಛೆ ಎಂದುಬಿಟ್ಟರೆ ಹುಡುಕುವವರು ಯಾರು? ನನಗೆ ಸಿಟ್ಟು ಬರುವುದು ಅಲ್ಲೇ.

ನ್ಯೂಟನ್ ಅಂಥವರೇ ಇಲ್ಲಿ ಎಡವಿದರು. ಗ್ರಹಗಳು ಒಂದನ್ನೊಂದು ಎಳೆದು ದಾರಿ ತಪ್ಪುತ್ತವೆ, ದೇವರು ಆಗಾಗ ಸರಿಮಾಡಬೇಕು ಎಂದುಕೊಂಡರು. ಗುರು, ಶನಿಗಳ ಏರುಪೇರು ಸುಮಾರು 900 ವರ್ಷಕ್ಕೊಮ್ಮೆ ತಾನಾಗಿಯೇ ಮರಳುತ್ತದೆ ಎಂದು 1780ರ ದಶಕದಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಲೆಕ್ಕ ಹಾಕಿ ತೋರಿಸಿದರು. ಕಪ್ಪು ದ್ರವ್ಯದ ಕಣವೂ ನಾಳೆ ಸಿಕ್ಕೀತು. ಅದನ್ನೇ ನೆಚ್ಚಿಕೊಂಡ ಭಕ್ತ ಆಗ ಎಲ್ಲಿಗೆ ಹೋಗಬೇಕು?

ಅರಿವಿನ ಪ್ರಶ್ನೆ ಕಷ್ಟದ್ದು, ಒಪ್ಪುತ್ತೇನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಉತ್ತರ ಇಲ್ಲದಿರುವುದೇ ಭಕ್ತಿಯ ಬೇರು ಎಂದು ನಾನು ಒಪ್ಪಲಾರೆ. ಭೂತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಯ ನಸುಕಿನಲ್ಲಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹಚ್ಚಂಬಲಿ ಎಂಬ ಸೊಪ್ಪಿನ ಎಡೆ ಬೀರುವವರಿಗೆ ಭತ್ತ ಹೇಗೆ ಕಾಳು ಕಟ್ಟುತ್ತದೆ ಎಂದು ಚೆನ್ನಾಗಿ ಗೊತ್ತು. ಕೃಷಿ ಕಾಲೇಜಿನಲ್ಲಿ ಓದಿ ಬಂದ ಮಕ್ಕಳೂ ಅದೇ ಬುಟ್ಟಿ ಹೊರುತ್ತಾರೆ. ಅವರ ಪುಸ್ತಕದಲ್ಲಿ ಒಂದು ಪುಟವೂ ಖಾಲಿ ಇಲ್ಲದಿದ್ದರೂ ಹೊರುತ್ತಿದ್ದರು.