ಬಣವೆ ಇದೆ, ಸರಿ. ಎಷ್ಟು ದಿನಕ್ಕಿದೆ?

"ನಿಮ್ಮ ಮನೆಯಲ್ಲಿ ಎಷ್ಟು ದಿನದ ಮೇವಿದೆ?" ಅಂತ ಒಬ್ಬ ಮುದುಕ ನನ್ನನ್ನು ಕೇಳಿದ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಡಬ್ಬೊ ಅಂತ ಒಂದು ಊರಿದೆ, ಸಮುದ್ರದಿಂದ ದೂರ ಒಳನಾಡಿನಲ್ಲಿ. ಅದರ ಹತ್ತಿರವೇ ಅವನ ಜಮೀನು. ಅವನ ಮಗ ನನ್ನ ಜೊತೆ ಕೆಲಸ ಮಾಡುತ್ತಾನೆ, ಹಾಗಾಗಿ ಒಂದು ಭಾನುವಾರ ಹೋಗಿದ್ದೆವು. ನಾನು ಚಳ್ಳಕೆರೆ ಕಡೆಯವನು, ಬರ ಅಂದರೆ ನಮಗೇನು ಹೊಸದಲ್ಲ, ಅಂತೆಲ್ಲ ಸ್ವಲ್ಪ ಜಂಬದಲ್ಲೇ ಹೇಳಿಕೊಂಡೆ. ಅದಕ್ಕೆ ಅವನು ತಣ್ಣಗೆ ಈ ಪ್ರಶ್ನೆ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. "ಬಣವೆ ಇದೆಯಲ್ಲೋ" ಅಂದ. ಅದು ಗೊತ್ತು, ಎಷ್ಟು ದಿನ ಬರುತ್ತೆ? "ಬರೋವರೆಗೂ ಬರುತ್ತೆ" ಅಂದು ನಕ್ಕ. ನನಗೆ ಮಾತ್ರ ಯಾಕೋ ಒಳಗೇ ಚುಚ್ಚಿದ ಹಾಗಾಯಿತು.

ಆ ಮುದುಕನ ಅಡುಗೆಮನೆಯ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿತ್ತು. ಮಕ್ಕಳ ಚಿತ್ರವೋ ಕರೆಂಟ್ ಬಿಲ್ಲೋ ಅಂದುಕೊಂಡಿದ್ದೆ. ನೋಡಿದರೆ ತಾರೀಖುಗಳ ಪಟ್ಟಿ. ಈ ತಾರೀಖಿನೊಳಗೆ ಮಳೆ ಬರದಿದ್ದರೆ ಹಳೇ ಹಸುಗಳನ್ನು ಮಾರುವುದು. ಅದರ ನಂತರದ ತಾರೀಖಿಗೂ ಬರದಿದ್ದರೆ ಕರುಗಳನ್ನು ಬೇಗ ಹಾಲು ಬಿಡಿಸಿ ಕಳಿಸುವುದು. ಆಮೇಲೂ ಬರದಿದ್ದರೆ ಉಳಿದವನ್ನು ಬಯಲಿನಿಂದ ತಂದು ಸಣ್ಣ ಆವರಣದಲ್ಲಿ ಕೂಡಿಹಾಕಿ ಮೇವು ಹಾಕುವುದು. ಇದನ್ನೆಲ್ಲ ಬರೆದದ್ದು ಹುಲ್ಲು ಹಸಿರಾಗಿದ್ದಾಗ. ತಲೆ ತಣ್ಣಗಿದ್ದಾಗ ಬರೆದಿಡಬೇಕು, ಬಿಸಿಲು ಬಂದ ಮೇಲೆ ಎಲ್ಲರೂ ಇನ್ನೊಂದು ವಾರ ನೋಡೋಣ ಅಂತಲೇ ಇರುತ್ತೇವೆ ಅಂದ. 2018ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಇಡೀ ರಾಜ್ಯ, ನೂರಕ್ಕೆ ನೂರರಷ್ಟು, ಬರಪೀಡಿತ ಅಂತ ಹೇಳಿತಲ್ಲ, ಅಷ್ಟು ಹೊತ್ತಿಗೆ ಅವನ ಅರ್ಧ ಹಿಂಡು ಒಳ್ಳೆ ಬೆಲೆಗೆ ಹೋಗಿಯಾಗಿತ್ತು. ಉಳಿದ ಅರ್ಧಕ್ಕೆ ಮೇವು ಸಾಕಾಯಿತು.

ನನಗೆ ಇಡೀ ವ್ಯತ್ಯಾಸ ಈ ಹಾಳೆಯಲ್ಲೇ ಕಾಣುತ್ತದೆ. ಅವರ ಸರ್ಕಾರ ಮಾಡುವ ಸಹಾಯ ಕೂಡ ಜಾಸ್ತಿ ಭಾಗ ಈ ಲೆಕ್ಕದ ಸುತ್ತಲೇ ಇದೆ. ಅಲ್ಲಿನ ಕೃಷಿ ಇಲಾಖೆ ಒಂದು ಆ್ಯಪ್ ಮಾಡಿದೆ. ದನ ಎಷ್ಟು ತೂಕ, ಗಬ್ಬವೋ ಹಾಲು ಕೊಡುವುದೋ, ನಿಮ್ಮ ಹತ್ತಿರ ಇರುವುದು ಯಾವ ಮೇವು, ಏನು ಬೆಲೆ ಅಂತ ಹಾಕಿದರೆ ದಿನಕ್ಕೆ ಎಷ್ಟು ಹಾಕಬೇಕು ಅಂತ ಹೇಳುತ್ತದೆ. ಹುಲ್ಲನ್ನು ಲ್ಯಾಬಿಗೆ ಕಳಿಸಿ ಅದರಲ್ಲಿ ಎಷ್ಟು ಕಸುವಿದೆ ಅಂತ ನೋಡಿಸುತ್ತಾರೆ. ಹುಲ್ಲಿಗೆ ರಕ್ತಪರೀಕ್ಷೆ ಮಾಡಿಸಿದ ಹಾಗೆ! ಮೊದಲು ನನಗೂ ನಗು ಬಂತು. ಆದರೆ ಯೋಚನೆ ಮಾಡಿ, ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ ಮೂರ್ನಾಲ್ಕು ಭಾಗ ಇದ್ದರೆ ಹೆಚ್ಚು. ದನದ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ನಾರು ಅರಗಿಸಲು ಸುಮಾರು ಆರೇಳು ಭಾಗವಾದರೂ ಬೇಕು. ಅಂದರೆ ಹೊಟ್ಟೆ ತುಂಬಾ ಹುಲ್ಲು ತಿಂದೂ ದನ ಬಡಕಲಾಗುತ್ತದೆ, ನಾವು ದೃಷ್ಟಿ ತೆಗೆಸುತ್ತಾ ಇರುತ್ತೇವೆ.

ಸರಿ, ನಮ್ಮನೆ ಲೆಕ್ಕ ನಾನೇ ಹಾಕಿದೆ. ಒಂದು ದನ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಿಂದ ಎರಡೂವರೆ ಭಾಗ ಒಣ ಮೇವು ತಿನ್ನುತ್ತದೆ. 400 ಕೆಜಿ ಹಸುವಿಗೆ 8ರಿಂದ 10 ಕೆಜಿ. ನಮ್ಮ ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು, ಎರಡು ಹಸು. ದಿನಕ್ಕೆ 40 ಕೆಜಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1,200 ಕೆಜಿ. ಡಿಸೆಂಬರಿನಿಂದ ಜೂನ್‌ವರೆಗೆ ಎಂಟು ಟನ್‌ಗಿಂತ ಜಾಸ್ತಿ. ಈಗ ಅಣ್ಣನ ಬಣವೆ ಎಷ್ಟು ಟನ್? ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಹುಲ್ಲನ್ನು ತೂಗುವ ಅಭ್ಯಾಸವೇ ಇಲ್ಲ. ಲೋಡು, ಹೊರೆ, ಕಟ್ಟು, ಅಷ್ಟೇ. ಟ್ರ್ಯಾಕ್ಟರ್ ಲೋಡಿಗೆ ಸಾವಿರಾರು ರೂಪಾಯಿ ಎಣಿಸಿಕೊಡುತ್ತೇವೆ, ಅದರಲ್ಲಿ ಎಷ್ಟು ಕೆಜಿ ಇದೆ ಅಂತ ಕೇಳುವುದಿಲ್ಲ. ಚಿನ್ನದಂಗಡಿಯಲ್ಲಿ ಗುಲಗಂಜಿ ತೂಕಕ್ಕೂ ಜಗಳ ಮಾಡುವ ಜನ ನಾವು.

2023 ನೆನಪಿದೆ ಅಲ್ವಾ? ಸೆಪ್ಟೆಂಬರಿನಲ್ಲೇ ನಮ್ಮ ಸರ್ಕಾರ 195 ತಾಲ್ಲೂಕು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಅದು 236 ತಾಲ್ಲೂಕಿನಲ್ಲಿ 223ಕ್ಕೆ ಹೋಯಿತು. ಅಂದರೆ ಬೇಸಿಗೆಗೆ ಇನ್ನೂ ಆರು ತಿಂಗಳು ಇರುವಾಗಲೇ ಎಲ್ಲರಿಗೂ ಗೊತ್ತಿತ್ತು. ಮೇವು ಹೊರರಾಜ್ಯಕ್ಕೆ ಹೋಗಬಾರದು ಅಂತ ಆದೇಶ ಬಂತು, ಮೇವಿನ ಬೀಜದ ಕಿಟ್ ಕೊಟ್ಟರು. ಬೀಜ ಬಿತ್ತಲು ಬೋರ್‌ವೆಲ್‌ನಲ್ಲಿ ನೀರು ಇರಬೇಕು, ಅಷ್ಟು ನೀರು ಇರುವವನಿಗೆ ಮೇವಿನ ಚಿಂತೆ ಮೊದಲೇ ಕಡಿಮೆ. ಗೋಶಾಲೆ ಬಾಗಿಲು ತೆಗೆದದ್ದು ಯಾವಾಗ? ನಮ್ಮ ಕಡೆ ಪಕ್ಕೆಲುಬು ಎಣಿಸುವ ಹಾಗಾದ ಮೇಲೆ. ಅದೂ ಹೋಬಳಿಗೆ ಒಂದು. ದನವನ್ನು ಅಲ್ಲಿವರೆಗೆ ನಡೆಸಿಕೊಂಡು ಹೋಗಬೇಕು, ಮನೆಯ ಒಬ್ಬರು ಅಲ್ಲೇ ಇರಬೇಕು, ಬಿಸಿಲಿಗೆ ತಗಡಿನ ನೆರಳು. ಮೊದಲೇ ಸೋತ ದನವನ್ನು ಇನ್ನಷ್ಟು ನಡೆಸಿ ಆಮೇಲೆ ಐದು ಕೆಜಿ ಹುಲ್ಲು ಹಾಕಿದರೆ ನಡೆದ ಸುಸ್ತಿಗೇ ಆ ಹುಲ್ಲು ಖರ್ಚು. ಊರಲ್ಲಿ ಯಾರನ್ನು ಕೇಳಿದರೂ "ಮೇಲಿಂದ ಆದೇಶ ಬರಬೇಕು" ಅನ್ನುತ್ತಾರೆ. ಮೇಲಿನವರು ಜಿಲ್ಲೆಯಲ್ಲಿ ಇಷ್ಟು ವಾರಕ್ಕೆ ಸಾಕಾಗುವಷ್ಟು ಮೇವಿದೆ ಅಂತ ಪತ್ರಿಕೆಗೆ ಹೇಳಿಕೆ ಕೊಡುತ್ತಾರೆ. ಯಾರ ಬಣವೆ ಯಾರು ತೂಗಿದರೋ.

ಕಾವಲಿನ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲಿನ ವಿಷಯ ಬಂದರೆ ನನಗೆ ಸಿಟ್ಟೇ ಬರುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಹಳೇ ಕಾಲದಿಂದ ದನ ಕುರಿ ನಡೆಸಿಕೊಂಡು ಹೋಗುವ ದಾರಿಗಳಿವೆ. ಅಗಲವಾದ ಹುಲ್ಲುದಾರಿ, ಮಧ್ಯೆ ಮಧ್ಯೆ ನೀರು. ಜನ ಅದಕ್ಕೆ 'ಲಾಂಗ್ ಪ್ಯಾಡಕ್' ಅನ್ನುತ್ತಾರೆ. ಎಲ್ಲ ಸೇರಿ ಸುಮಾರು 20 ಲಕ್ಷ ಹೆಕ್ಟೇರ್ ಸರ್ಕಾರಿ ಜಮೀನು. ಬರ ಬಂದಾಗ ಪರವಾನಗಿ ತೆಗೆದುಕೊಂಡು ಹಿಂಡು ಹೊಡೆದುಕೊಂಡು ಹೊರಡುತ್ತಾರೆ, ಒಂದೇ ಕಡೆ ಕೂತು ಬೋಳಿಸಬಾರದು, ದಿನಕ್ಕೆ ಇಷ್ಟು ದೂರ ಮುಂದೆ ಹೋಗಲೇಬೇಕು ಅಂತ ನಿಯಮ. ಇದನ್ನು ಆ ಮುದುಕ ದೊಡ್ಡ ವಿಷಯದ ಹಾಗೆ ಹೇಳುತ್ತಿದ್ದ. ನಾನು ಸುಮ್ನೆ ಕೇಳುತ್ತಾ ಕೂತಿದ್ದೆ. ಯಾಕೆಂದರೆ ಇದು ನಮ್ಮಲ್ಲಿ ಇತ್ತು! ಮೈಸೂರು ಅರಸರ ಕಾಲದ ಅಮೃತಮಹಲ್ ತಳಿಯ ದನಗಳ ಕಾವಲುಗಳು ಇನ್ನೇನು? ಮಳೆಗಾಲಕ್ಕೆ ಒಂದು ಕಾವಲು, ಬೇಸಿಗೆಗೆ ಇನ್ನೊಂದು, ಅಂತ ಋತು ನೋಡಿ ಹಿಂಡು ಸಾಗಿಸುತ್ತಿದ್ದರು. ಒಡೆಯರು ಶುರು ಮಾಡಿದ್ದನ್ನು ಹೈದರ್, ಟಿಪ್ಪು ಬೆಳೆಸಿದರು. ನಮ್ಮ ಚಳ್ಳಕೆರೆಯ ಕಾವಲಿನಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೊ, ಅಣು ಸಂಶೋಧನೆಯ ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲರಿಗೂ ಹಂಚಿಹೋಯಿತು. ಗೋಡೆ ಎದ್ದಿತು. ದೇಶಕ್ಕೆ ರಾಕೆಟ್ಟು ಬೇಕು, ಒಪ್ಪಿದೆ. ಆದರೆ ಆ ಕಡೆ ಕುರಿ ಮೇಯಿಸುತ್ತಿದ್ದವನಿಗೆ ಬದಲಿಗೆ ಎಲ್ಲಿ ಮೇಯಿಸು ಅಂತ ಯಾರು ಹೇಳಿದರು? ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ನಮ್ಮ ಕಾನೂನಿನಲ್ಲೇ ಇದೆ. ನಿಮ್ಮೂರ ಗೋಮಾಳ ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ, ಯಾರ ತೆಂಗಿನ ತೋಟದಲ್ಲಿ ಸಿಗುತ್ತದೋ.

ದನಗಳನ್ನು ಸಣ್ಣ ಆವರಣದಲ್ಲಿ ಕೂಡಿಹಾಕುವ ವಿಚಾರ ಹೇಳಿದೆನಲ್ಲ. ಅದರ ಕಾರಣ ನನಗೆ ಇಷ್ಟವಾಯಿತು. ಬರದಲ್ಲಿ ಬಯಲಿಗೆ ಬಿಟ್ಟರೆ ದನ ಸಿಗದ ಹುಲ್ಲಿಗೆ ಇಡೀ ದಿನ ಅಲೆಯುತ್ತದೆ, ತಿಂದದ್ದಕ್ಕಿಂತ ನಡೆದದ್ದೇ ಜಾಸ್ತಿ. ಹುಲ್ಲಿನ ಬುಡವನ್ನೂ ಕಿತ್ತು ತಿನ್ನುತ್ತದೆ. ಮಳೆ ಬಂದಾಗ ಮತ್ತೆ ಚಿಗುರಲು ಬುಡವೇ ಇರುವುದಿಲ್ಲ, ಮಣ್ಣು ಗಾಳಿಗೆ ಹೋಗುತ್ತದೆ. ಅಂದರೆ ಈ ವರ್ಷದ ಬರವನ್ನು ನಾವೇ ಮುಂದಿನ ವರ್ಷಕ್ಕೂ ಎಳೆದುಕೊಂಡು ಹೋಗುತ್ತೇವೆ. ನಮ್ಮಲ್ಲಿ ಮೊದಲ ಮಳೆ ಬಿದ್ದ ಮಾರನೇ ದಿನವೇ ದನ ಬಯಲಲ್ಲಿ ಇರುತ್ತವೆ.

ಅಲ್ಲಿನವರು ಒಳ್ಳೇ ವರ್ಷದಲ್ಲಿ ಗುಂಡಿ ತೋಡಿ ರಸಮೇವು (ಹುಳಿ ಬರಿಸಿದ ಹಸಿ ಮೇವು) ಹೂಳಿಡುತ್ತಾರೆ, ಗಾಳಿ ಆಡದ ಹಾಗೆ ಮುಚ್ಚಿದರೆ ಹತ್ತು ವರ್ಷ ಬಿಟ್ಟು ತೆಗೆದರೂ ಚೆನ್ನಾಗಿರುತ್ತದಂತೆ. ಒಳ್ಳೇ ವರ್ಷದ ಆದಾಯವನ್ನು ಆ ವರ್ಷ ತೆರಿಗೆ ಕಟ್ಟದೆ ಠೇವಣಿ ಇಟ್ಟು ಕೆಟ್ಟ ವರ್ಷ ತೆಗೆದುಕೊಳ್ಳುವ ಯೋಜನೆಯೂ ಇದೆ.

ಅಣ್ಣನಿಗೆ ಇದೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, "ನಿನ್ನ ಮುದುಕನ ಜಮೀನು ಎಷ್ಟು?" ಅಂದ. ಸಾವಿರಾರು ಎಕರೆ. "ದನ?" ನೂರಾರು. "ಅವನು ಅರ್ಧ ಮಾರಿದರೆ ಇನ್ನೂ ನೂರಾರು ಉಳಿಯುತ್ತೆ. ನಾನು ಅರ್ಧ ಮಾರಿದರೆ ಒಂಟಿ ಎತ್ತು ಉಳಿಯುತ್ತೆ. ಒಂಟಿ ಎತ್ತಿನಲ್ಲಿ ಹೂಡ್ತೀಯಾ ಬಂದು?" ನಾನು ಬೇರೇನೋ ಹೇಳಲು ಹೋದೆ. ಅವನು ಬಿಡಲಿಲ್ಲ. ಬರದಲ್ಲಿ ಸಂತೆಗೆ ಹೋದರೆ ಎಲ್ಲರೂ ಮಾರುವವರೇ. 2021ರಿಂದ ಗೋಹತ್ಯೆ ತಡೆ ಕಾಯ್ದೆ ಇನ್ನೂ ಬಿಗಿಯಾಗಿದೆ, ಮುದಿ ಎತ್ತನ್ನು ಕೇಳುವವರು ಇಲ್ಲ. ಕಾಯ್ದೆ ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ, ಆದರೆ 'ಬೇಗ ಮಾರು' ಅನ್ನುವ ಸಲಹೆ ನಮ್ಮ ರೈತನಿಗೆ ಅಷ್ಟು ಸಲೀಸಲ್ಲ ಅನ್ನುವುದಂತೂ ನಿಜ.

ಇನ್ನೊಂದು ಸಂಗತಿ. ಆ ಹಾಳೆಯಲ್ಲಿ ಕೊನೆಯ ಸಾಲು ಒಂದಿತ್ತು. ಲಾರಿ ಹತ್ತಲು ಆಗದಷ್ಟು ಸೋತ ದನಕ್ಕೆ ಗುಂಡು. ಮುದುಕ ಅದನ್ನೂ ಅದೇ ದನಿಯಲ್ಲಿ ಹೇಳಿದ, ನರಳಿಸುವುದಕ್ಕಿಂತ ಇದು ಮೇಲು ಅಂದ. ಅವನ ಕಡೆಯಿಂದ ಅದು ಕರುಣೆಯೇ ಇರಬಹುದು. ಮಾರಿದ ದನ ಹೋದದ್ದೂ ಕಸಾಯಿಖಾನೆಗೇ. ನಮ್ಮ ಕಡೆ ಮ್ಯಾಸಬೇಡರ ದೇವರ ಎತ್ತುಗಳಿವೆ. ಹೂಡುವುದಿಲ್ಲ, ಮಾರುವುದಿಲ್ಲ, ಅವನ್ನು ಕಾಯುವ ಕಿಲಾರಿ ತಾನು ಹಸಿದರೂ ಅವುಗಳ ಹಿಂದೆ ಅಲೆಯುತ್ತಾನೆ. ಬರದಲ್ಲಿ ಅವಕ್ಕೆ ಮೇವಿಲ್ಲ ಅಂತ ಸುದ್ದಿ ಬಂದರೆ ಎಲ್ಲೆಲ್ಲಿಂದಲೋ ಜನ ಲಾರಿ ತುಂಬಿ ಹುಲ್ಲು ಕಳಿಸುತ್ತಾರೆ. ಈ ಎತ್ತುಗಳನ್ನು ಆ ಆ್ಯಪ್‌ನಲ್ಲಿ ಯಾವ ಕಾಲಮ್ಮಿಗೆ ಹಾಕುವುದು? ಅಲ್ಲಿಯೂ ಹುಲ್ಲು ದಾನ ಇಲ್ಲ ಅಂತಲ್ಲ, 2019ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ರೈತರು ನಲ್ಲಾರ್ಬರ್ ಬಯಲು ದಾಟಿ ಸಾಲು ಸಾಲು ಲಾರಿಯಲ್ಲಿ ಹುಲ್ಲು ತಂದು ಕೊಟ್ಟಿದ್ದರು. ಆದರೆ ಲೆಕ್ಕಕ್ಕೇ ಸಿಗದ ಎತ್ತನ್ನು ಸಾಕಬೇಕು ಅನ್ನುವ ಹಠ ಅಲ್ಲಿ ನನಗೆ ಕಾಣಲಿಲ್ಲ. ನನಗೆ ಆ ಹಠ ಬಿಡಲು ಮನಸ್ಸಿಲ್ಲ, ಇಷ್ಟು ದೂರ ಕೂತಿದ್ದಕ್ಕೇ ಹಾಗನ್ನಿಸುತ್ತದೋ ಏನೋ.

ಹಾಗಂತ ನಮ್ಮಲ್ಲಿ ಬುದ್ಧಿ ಇಲ್ಲದೆ ಏನಿಲ್ಲ. ಬಾಡಿದ ಎಳೇ ಜೋಳದ ಕಡೆ ದನ ಬಿಡಬಾರದು ಅಂತ ಅಪ್ಪನಿಗೆ ಯಾವ ಲ್ಯಾಬೂ ಹೇಳಿಕೊಟ್ಟಿರಲಿಲ್ಲ. ಶೇಂಗಾ ಹೊಟ್ಟನ್ನು ಸ್ವಲ್ಪ ಸ್ವಲ್ಪವೇ ಹುಲ್ಲಿಗೆ ಬೆರೆಸಿ ಹಾಕುವುದು ಅವ್ವನ ಲೆಕ್ಕ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ಗಾಳಿ ಹೋಗದ ಹಾಗೆ ಮೂರು ವಾರ ಮುಚ್ಚಿಟ್ಟರೆ ಅದೇ ಹುಲ್ಲಿಗೆ ಕಸುವು ಬರುತ್ತದೆ ಅಂತ ನಮ್ಮ ಪಶುವೈದ್ಯರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಯೂರಿಯಾ ನೇರವಾಗಿ ದನದ ಬಾಯಿಗೆ ಸಿಕ್ಕರೆ ವಿಷ, ಅದಕ್ಕೇ ಜನಕ್ಕೆ ಭಯ. ಯಾರಾದರೂ ಊರಿಗೆ ಬಂದು ಒಂದು ಸಲ ಜೊತೆಗೆ ನಿಂತು ಮಾಡಿ ತೋರಿಸಬೇಕು, ಅದೂ ಬಣವೆ ಇನ್ನೂ ಎತ್ತರ ಇರುವಾಗ.

ಅಣ್ಣ ಹೇಳಿದ್ದರಲ್ಲಿ ಅರ್ಧ ಒಪ್ಪಿಕೊಂಡೆ. ಇನ್ನರ್ಧ ಒಪ್ಪುವುದಿಲ್ಲ. ಸಣ್ಣ ಹಿಡುವಳಿ, ಕಾಯ್ದೆ, ಭಕ್ತಿ ಇವೆಲ್ಲ ರೈತ ದನ ಮಾರದಿರುವುದಕ್ಕೆ ಕಾರಣ ಆಗಬಹುದು, ಸರ್ಕಾರ ಹುಲ್ಲು ತಡವಾಗಿ ಕೊಳ್ಳುವುದಕ್ಕೆ ಆಗುವುದಿಲ್ಲ. ಗಂಗಾವತಿ ಕಡೆ ಭತ್ತದ ಕೊಯ್ಲು ಮುಗಿಯುವುದು ನವೆಂಬರ್, ಡಿಸೆಂಬರಿನಲ್ಲಿ. ಕೊಯ್ಲಿನ ಯಂತ್ರ ಹೋದ ಮೇಲೆ ಗದ್ದೆಯಲ್ಲಿ ಬಿದ್ದ ಹುಲ್ಲಿಗೆ ಎಷ್ಟೋ ಜನ ಬೆಂಕಿ ಇಡುತ್ತಾರೆ, ಮುಂದಿನ ನಾಟಿಗೆ ಹೊತ್ತಾಯಿತು ಅಂತ. ಅದನ್ನು ಅಲ್ಲೇ ಯಂತ್ರದಲ್ಲಿ ಸುತ್ತಿ, ಲಾರಿಗೆ ಹಾಕಿ, ಚಳ್ಳಕೆರೆ ಮೊಳಕಾಲ್ಮೂರಿನ ಹಳ್ಳಿ ಹಳ್ಳಿಗೆ ಇಳಿಸಿ, ತೂಗಿ ಕೊಡಬಹುದು. ಸೆಪ್ಟೆಂಬರಿನಲ್ಲಿ ಬರ ಅಂತ ಬರೆದು ಸಹಿ ಹಾಕಿದವರು ಈ ಯಂತ್ರದ ಬಾಡಿಗೆಗೆ, ಲಾರಿ ಬಾಡಿಗೆಗೆ ಡಿಸೆಂಬರಿನೊಳಗೆ ಹಣ ಬಿಡುಗಡೆ ಮಾಡಿದರೆ ಯಾವ ದೇವರ ಎತ್ತೂ ಅಡ್ಡ ಬರುವುದಿಲ್ಲ.