ಒಂದೇ ಡಬ್ಬಿ, ಎರಡು ಕೆಂಪು

ಮದುವೆ ಕಾರ್ಡು ಒಂದು ಕೆಂಪು, ಅದರ ಕವರು ಇನ್ನೊಂದು ಕೆಂಪು. ಬೆಂಗಳೂರಿನ ಸುಲ್ತಾನ್‌ಪೇಟೆಯ ಯಾವುದೇ ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಡಿ, ಹುಡುಗಿಯ ಸೋದರತ್ತೆ ಕೇಳೋದು ಒಂದೇ: "ಏನ್ರೀ, ಕವರಿಗೆ ಇಂಕು ಉಳಿಸಿದ್ರಾ?" ಪ್ರೆಸ್ಸಿನವನು ಇಂಕಿನ ಡಬ್ಬಿಯನ್ನೇ ತಂದು ತೋರಿಸುತ್ತಾನೆ. ಎರಡಕ್ಕೂ ಅದೇ ಪ್ಯಾಂಟೋನ್ 485; ಪ್ಯಾಂಟೋನ್ ಅಂದರೆ ಬಣ್ಣಕ್ಕೊಂದು ನಂಬರ್ ಕೊಡುವ ಪದ್ಧತಿ. ಅತ್ತೆ ನಂಬುವುದಿಲ್ಲ. ಪ್ರೆಸ್ಸಿನವನು ನಿಜ ಹೇಳುವ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು.

ಕಾರ್ಡು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡ್. ಅದರ ಮೈಗೆ ನುಣುಪಾದ ಬಿಳಿ ಲೇಪನವಿರುತ್ತದೆ, ಇಂಕು ಮೇಲೆಯೇ ಕೂತು ಮಿಂಚುತ್ತದೆ. ಕವರು ಮ್ಯಾಪ್‌ಲಿತೋ, ಅಂದರೆ ಲೇಪನವಿಲ್ಲದ ಕಾಗದ. ಅದು ಬಿಸಿಲಿಗೆ ಕಾದ ಗೋಡೆ ಸುಣ್ಣ ಹೀರಿದ ಹಾಗೆ ಇಂಕು ಹೀರುತ್ತದೆ. ಮಷೀನಿನಿಂದ ಬಿಸಿಬಿಸಿಯಾಗಿ ಬಂದ ಹಾಳೆ ನೋಡಿ "ಓಕೆ" ಅಂದಿರೋ, ಒಣಗಿದ ಮೇಲೆ ಬಣ್ಣ ಇನ್ನೂ ಒಂದು ಕೈ ಮಂಕಾಗುತ್ತದೆ.

1963ರಲ್ಲಿ ಅಮೆರಿಕದ ಲಾರೆನ್ಸ್ ಹರ್ಬರ್ಟ್ ಈ ನಂಬರ್ ಪದ್ಧತಿ ತಂದದ್ದು "ಗಿಣಿ ಹಸಿರು, ಆದ್ರೆ ತೀರಾ ಗಿಣಿ ಅಲ್ಲ" ಎಂಬಂಥ ಮಾತು ನಿಲ್ಲಲಿ ಅಂತ. ನಿಂತಿತು. ಅದರ ಜಾಗಕ್ಕೆ ಬಾಲದ ಅಕ್ಷರದ ಜಗಳ ಬಂತು. 485 ಅನ್ನುವುದು ಇಂಕಿನ ಅಡುಗೆ: ಯಾವ ಮೂಲ ಇಂಕು ಎಷ್ಟು ಬೆರೆಸಬೇಕು ಅನ್ನುವುದು. ಹಿಂದೆ ಬರುವ ಸಿ, ಯು ಎರಡೂ ಕಾಗದದ ಹೆಸರು: ಸಿ ಅಂದರೆ ಕೋಟೆಡ್, ಯು ಅಂದರೆ ಅನ್‌ಕೋಟೆಡ್. "485 ಸಿ ಇಂಕೇ ಹಾಕಿ, ಯು ಬೇಡ" ಎಂದು ಹಟ ಹಿಡಿಯುವುದು, ಸಾರು ಬಾಳೆಲೆಯದ್ದೇ ಬೇಕು, ತಟ್ಟೆಯದ್ದು ಬೇಡ ಅಂದಂತೆ.

ನಿಜವಾದ ಅನಾಹುತ ಡಿಟಿಪಿ ಟೇಬಲ್ಲಿನಲ್ಲಿ ಹುಟ್ಟುತ್ತದೆ. ಡಿಸೈನರ್ ಪಾಪ ಬಹಳ ಶಿಸ್ತಿನವನು. ಒಂದೇ ಫೈಲಿನಲ್ಲಿ ಕಾರ್ಡಿಗೆ 485 ಸಿ, ಕವರಿಗೆ 485 ಯು ಹಾಕುತ್ತಾನೆ. ಗಣಪತಿಯ ಲೋಗೋ ಯಾವುದೋ ಹಳೇ ಫೈಲಿನಿಂದ ಬಂದದ್ದು, ಅದರಲ್ಲಿ 485 ಸಿವಿಸಿ, ಅಂದರೆ ಸಿಗೇ ಇದ್ದ ಹಳೇ ಕಂಪ್ಯೂಟರ್ ಹೆಸರು. ಮನುಷ್ಯನಿಗೆ ಮೂರೂ ಒಂದೇ ಕೆಂಪು. ಕಂಪ್ಯೂಟರಿಗೆ ಹೆಸರಷ್ಟೇ ಗೊತ್ತು, ಅದು ಹೆಸರಿಗೊಂದರಂತೆ ಮೂರು ಅಚ್ಚಿನ ಪ್ಲೇಟ್ ಕಕ್ಕುತ್ತದೆ. ಕೆಂಪು, ಕಪ್ಪು ಎರಡೇ ಕಲರಿನ ಕೆಲಸಕ್ಕೆ, ಕಪ್ಪಿನದ್ದೂ ಸೇರಿ ನಾಲ್ಕು ಪ್ಲೇಟಿನ ಬಿಲ್ಲು. ಅದಕ್ಕಿಂತ ಕೆಟ್ಟದ್ದೆಂದರೆ, ಹೆಚ್ಚಿನ ಪ್ಲೇಟನ್ನು ಯಾರೋ "ಇದು ಬೇಡ" ಅಂತ ಬದಿಗಿಟ್ಟು, ಗಣಪತಿಯೇ ಇಲ್ಲದ ಕಾರ್ಡು ಸಾವಿರ ಪ್ರತಿ ಅಚ್ಚಾಗುವುದು.

ಮದ್ದು ಎರಡು ನಿಮಿಷದ್ದು. ಪಿಡಿಎಫ್ ಅನ್ನು ಅಕ್ರೋಬ್ಯಾಟ್‌ನಲ್ಲಿ ತೆರೆದು ಔಟ್‌ಪುಟ್ ಪ್ರಿವ್ಯೂನಲ್ಲಿ ಎಷ್ಟು ಇಂಕಿನ ಹೆಸರಿದೆ ಎಣಿಸಿ. ಜಾಸ್ತಿ ಇದ್ದರೆ ಇನ್‌ಡಿಸೈನ್‌ನ ಇಂಕ್ ಮ್ಯಾನೇಜರಿಗೆ ಹೋಗಿ, ಯು ಮತ್ತು ಸಿವಿಸಿ ಎರಡನ್ನೂ ಸಿ ಹೆಸರಿಗೆ ಏಲಿಯಾಸ್ ಮಾಡಿ, ಅಂದರೆ ಮೂರೂ ಒಂದೇ ಇಂಕು ಅಂತ ತಿಳಿಸಿ. ಇಷ್ಟನ್ನು ಪ್ಲೇಟಿಗೆ ಕಳಿಸುವ ಮುಂಚೆ ಮಾಡಬೇಕು. ಆಮೇಲೆ ಮಾಡುವುದು ಶ್ರಾದ್ಧ.

ಹಾಗಾದರೆ ಕಾರ್ಡು, ಕವರು ಕಣ್ಣಿಗೆ ಒಂದೇ ಕಾಣಬೇಕಾದರೆ? ನಂಬರನ್ನೇ ಬದಲಾಯಿಸಬೇಕು. ಸಿ ಶೇಡ್ ಕಾರ್ಡಿನ (ಪ್ಯಾಂಟೋನಿನ ಬಣ್ಣದ ಮಾದರಿ ಪುಸ್ತಕದ) 485ರ ಪಕ್ಕದಲ್ಲಿ ಯು ಶೇಡ್ ಕಾರ್ಡ್ ಬಿಡಿಸಿ, ಅದಕ್ಕೆ ಹತ್ತಿರ ಕಾಣುವ ಬೇರೆ ನಂಬರ್ ಹುಡುಕಿ ಕವರಿಗೆ ಅದನ್ನು ಹೇಳಿ. ಇಂಕು ಎರಡಾಗುತ್ತದೆ, ಖರ್ಚೂ ಏರುತ್ತದೆ, ಅತ್ತೆಗೆ ಮಾತ್ರ ಒಂದೇ ಕೆಂಪು. ಕಡು ಕೆಂಪು, ಕಡು ನೀಲಿಗಳಿಗೆ ಕೆಲವೊಮ್ಮೆ ಜೋಡಿಯೇ ಸಿಗುವುದಿಲ್ಲ. ಆಗ ಕವರನ್ನು ಬಿಳಿಯಾಗಿಯೇ ಬಿಡುವುದು ಜಾಣತನ.

ಕೆಲವರು ಸೀರೆಯ ನಂಬರ್ ಹಿಡಿದು ಬರುತ್ತಾರೆ: 19-4052 ಟಿಸಿಎಕ್ಸ್. ಅದು ಹತ್ತಿ ಬಟ್ಟೆಯ ಬಣ್ಣದ ನಂಬರು, ಇಂಕಿನದ್ದಲ್ಲ. ಬೆಳ್ಳಿ ಬೇಕೆಂದು ಮ್ಯಾಪ್‌ಲಿತೋ ಮೇಲೆ 877 ಕೇಳುವವರೂ ಇದ್ದಾರೆ. ಲೋಹದ ಪುಡಿ ಕಾಗದದೊಳಗೆ ಇಳಿದು, ಬೆಳ್ಳಿ ಹೋಗಿ ಪೆನ್ಸಿಲ್ ಗೀಚಿದ ಬೂದು ಉಳಿಯುತ್ತದೆ. ರಿಫ್ಲೆಕ್ಸ್ ಬ್ಲೂ ಎಂಬ ಕಡು ನೀಲಿ ಇಂಕು ಬೇಕೆಂದರೆ ಕೈಯಲ್ಲಿ ದಿನಗಳಿರಬೇಕು. ಅದು ಒಣಗುವುದೇ ಇಲ್ಲ. ಆತುರಪಟ್ಟು ಕಟ್ಟಿಂಗ್‌ಗೆ ಕಳಿಸಿದರೆ ಎದುರು ಪುಟಕ್ಕೂ, ಕತ್ತರಿಸುವವನ ಅಂಗಿಗೂ ನೀಲಿ.

ಇನ್ನು ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ತೋರಿಸುವ ಮಾದರಿ. ಸಿಎಂವೈಕೆ (ನಾಲ್ಕು ಮಾಮೂಲಿ ಬಣ್ಣ ಸೇರಿಸಿ ಮಾಡುವ) ಡಿಜಿಟಲ್ ಪ್ರಿಂಟ್ ತೋರಿಸಿ "ಹೀಗೇ ಬರುತ್ತೆ" ಅಂದರೆ ನಂಬಬೇಡಿ, ಅದರಲ್ಲಿ ಆ ಇಂಕೇ ಇಲ್ಲ. ನಿಮ್ಮ ಕವರಿನ ಕಾಗದವನ್ನೇ ಒಂದು ತುಂಡು ಕೊಟ್ಟು, ಬೆರೆಸಿದ ಇಂಕನ್ನು ಬೆರಳ ತುದಿಯಲ್ಲಿ ತೆಳ್ಳಗೆ ತಟ್ಟಿ ಕೊಡಲು ಹೇಳಿ. ದಪ್ಪಗೆ ತಟ್ಟಿದರೆ ಯಾವ ಬಣ್ಣವೂ ಚೆಂದವೇ. ಒಂದು ರಾತ್ರಿ ಒಣಗಲು ಬಿಡಿ. ಶೇಡ್ ಕಾರ್ಡಿನ ಇಸವಿಯನ್ನೂ ನೋಡಿ. ವರ್ಷ ಒಂದೂವರೆ ವರ್ಷಕ್ಕೆ ಅದನ್ನು ಬದಲಿಸಬೇಕು. ನಮ್ಮಲ್ಲಿ ಅದು ಅಜ್ಜನ ಪಂಚಾಂಗದಂತೆ ಹಳದಿಯಾಗಿ ಗೋಡೆಗೆ ನೇತಾಡುತ್ತಿರುತ್ತದೆ.

ಮರುದಿನ ಆ ತುಂಡನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ತೀರ್ಮಾನಿಸಬೇಡಿ. ಸೋದರತ್ತೆಯ ಕೈಗೆ ಕೊಡಿ. ಸೀರೆ ಅಂಗಡಿಯಲ್ಲಿ ಮಾಡುವಂತೆ ಅವರು ತಾವಾಗಿಯೇ ಅದನ್ನು ಬಾಗಿಲಾಚೆ ಬೆಳಕಿಗೆ ಒಯ್ಯುತ್ತಾರೆ.